ನಮ್ಮನೆ ರಾಜಕುಮಾರಿ: ಮುದ್ದು ಎಷ್ಟು, ಹಕ್ಕು ಎಷ್ಟು?

ಪಾಲಹಳ್ಳಿಯಿಂದ ಶ್ರೀರಂಗಪಟ್ಟಣಕ್ಕೋ ಮೈಸೂರಿಗೋ ಹೋಗಿ ಮಗಳ ಹುಟ್ಟುಹಬ್ಬಕ್ಕೆ ಬಟ್ಟೆ ತರುವ ತಾಯಂದಿರು ಈಗ ಅಂಗಡಿಯಲ್ಲಿ ಕೇಳುವುದು ಲಂಗ ರವಿಕೆಯನ್ನಲ್ಲ, ಗೌನನ್ನು. ಎದೆಯ ಮೇಲೆ ಮಿಂಚು, ಸೊಂಟದಿಂದ ಕೆಳಗೆ ಪದರ ಪದರವಾಗಿ ನೆಟ್ಟು, ಬೆನ್ನಿಗೆ ದೊಡ್ಡದೊಂದು ಬೋ, ಜೊತೆಗೆ ತಲೆಗೆ ಪ್ಲಾಸ್ಟಿಕ್ ಕಿರೀಟ. ಊರ ಬಾಗಿಲಲ್ಲಿ ಕಟ್ಟುವ ಫ್ಲೆಕ್ಸಿನಲ್ಲಿ ಆ ಮಗು ಅದೇ ಗೌನಿನಲ್ಲಿ ನಗುತ್ತಿರುತ್ತದೆ. ಕೆಳಗೆ ‘ನಮ್ಮ ಮನೆಯ ರಾಜಕುಮಾರಿಗೆ ಹುಟ್ಟುಹಬ್ಬದ ಶುಭಾಶಯಗಳು’ ಎಂಬ ಸಾಲು, ಅದರ ಕೆಳಗೆ ಶುಭ ಕೋರುವ ಚಿಕ್ಕಪ್ಪ, ಸೋದರಮಾವಂದಿರ ಪಟಗಳ ಸಾಲು. ಅನುಕೂಲಸ್ಥರು ಬಲಮುರಿಯ ನೀರಿನ ಹತ್ತಿರ ಫೋಟೊ ತೆಗೆಸಿ ತರುತ್ತಾರೆ. ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಕಡೆಯೂ ಇದೇ ನಡೆಯುತ್ತಿದೆ.

ಇದರ ಬಗ್ಗೆ ಹೆತ್ತವರ ಮನಸ್ಸು ಎರಡಾಗಿದೆ. ‘ನಮ್ ಕಾಲ್ದಲ್ಲಿ ಒಂದ್ ಒಳ್ಳೆ ಬಟ್ಟೆ ಕಂಡಿರ್ಲಿಲ್ಲ, ಇವ್ಳಾದ್ರೂ ರಾಣಿ ಥರ ಇರ್ಲಿ ಕಣಕ್ಕ’ ಎನ್ನುವ ತಾಯಿಯೇ ಇನ್ನೊಂದು ದಿನ ‘ಕನ್ನಡಿ ಮುಂದೆ ನಿಂತ್ರೆ ಕದಲಲ್ಲ, ನಾನ್ಯಾಕೆ ಕಪ್ಪಗಿದೀನಿ ಅಂತ ಕೇಳ್ತಾಳೆ’ ಎಂದು ಕಳವಳಪಡುತ್ತಾಳೆ. ಎರಡು ಮಾತೂ ನಿಜ. ಮಗಳನ್ನು ರಾಣಿಯಂತೆ ಮುದ್ದಿಸುವುದು ಒಳ್ಳೆಯದೋ ಕೆಟ್ಟದ್ದೋ ಎಂಬ ಪ್ರಶ್ನೆಗೆ ಒಂದೇ ಮಾತಿನಲ್ಲಿ ಉತ್ತರ ಹೇಳುವವರನ್ನು ನಾನು ನಂಬುವುದಿಲ್ಲ. ಮಂಡ್ಯದ ಈ ಸೀಮೆಯಲ್ಲಂತೂ ಆ ಪ್ರಶ್ನೆಗೆ ಬೇರೆಡೆ ಇಲ್ಲದ ಆಳವಿದೆ.

ಗೌನು ಬಂದ ದಾರಿಯನ್ನು ಬೇಗ ಹೇಳಿ ಮುಗಿಸಬಹುದು. ಅಮೆರಿಕದ ಡಿಸ್ನಿ ಸಂಸ್ಥೆ 1937ರಲ್ಲಿ ಸ್ನೋ ವೈಟ್, 1950ರಲ್ಲಿ ಸಿಂಡ್ರೆಲಾ, 1959ರಲ್ಲಿ ಸ್ಲೀಪಿಂಗ್ ಬ್ಯೂಟಿ ಚಿತ್ರಗಳನ್ನು ತೆಗೆಯಿತು. ಆಗ ಅವೆಲ್ಲ ಬೇರೆ ಬೇರೆ ಕತೆಗಳು. 2000ದ ಆಸುಪಾಸಿನಲ್ಲಿ ಆ ಸಂಸ್ಥೆಯ ಸರಕು ವಿಭಾಗದ ಮುಖ್ಯಸ್ಥ ಆಂಡಿ ಮೂನಿ ಮಂಜುಗಡ್ಡೆಯ ಮೇಲಿನ ಪ್ರದರ್ಶನವೊಂದಕ್ಕೆ ಹೋಗಿದ್ದಾಗ, ನೋಡಲು ಬಂದ ಪುಟ್ಟ ಹುಡುಗಿಯರು ಮನೆಯಲ್ಲೇ ಹೊಲಿದ ರಾಜಕುಮಾರಿಯ ಉಡುಪು ತೊಟ್ಟಿದ್ದನ್ನು ಕಂಡ. ಆ ಎಲ್ಲ ನಾಯಕಿಯರನ್ನೂ ಒಂದೇ ಹೆಸರಿನಡಿ ತಂದು ಉಡುಪು, ಬೊಂಬೆ, ಚೀಲ, ನೀರಿನ ಬಾಟಲಿ ಎಂದು ಮಾರಲು ಶುರುಮಾಡಿದ. ಡಿಸ್ನಿ ಚಾನೆಲ್ ಭಾರತಕ್ಕೆ ಬಂದದ್ದು 2004ರಲ್ಲಿ. ಕನ್ನಡದ ಮಕ್ಕಳಿಗೆಂದು ಚಿಂಟು ಟಿವಿ ಶುರುವಾದದ್ದು 2009ರಲ್ಲಿ. 2013ರಲ್ಲಿ ‘ಫ್ರೋಜನ್’ ಬಂದಮೇಲೆ ಎಲ್ಸಾಳ ತಿಳಿನೀಲಿ ಉಡುಪು ಜಗತ್ತನ್ನೆಲ್ಲ ಸುತ್ತಿತು. ಆ ಚಿತ್ರವನ್ನೇ ನೋಡದ ಅಜ್ಜಿಯೂ ಮೊಮ್ಮಗಳಿಗೆಂದು ಸಂತೆಯಲ್ಲಿ ಎಲ್ಸಾಳ ಚಿತ್ರವಿರುವ ಚೀಲ ಕೊಳ್ಳುತ್ತಾಳೆ. ಅಮೆರಿಕದಲ್ಲೇ ಇದಕ್ಕೆ ತಾಯಂದಿರ ವಿರೋಧವೂ ಎದ್ದಿತು. ಪತ್ರಕರ್ತೆ ಪೆಗ್ಗಿ ಒರೆನ್‌ಸ್ಟೀನ್ 2006ರಲ್ಲಿ ನ್ಯೂಯಾರ್ಕ್ ಟೈಮ್ಸ್‌ನ ಮ್ಯಾಗಜೀನ್‌ಗೆ ಬರೆದ ಲೇಖನ, 2011ರಲ್ಲಿ ಅದೇ ವಿಷಯದ ಮೇಲೆ ತಂದ ಪುಸ್ತಕ ಆ ಚರ್ಚೆಗೆ ಕಾವು ಕೊಟ್ಟವು.

ಆದರೆ ರಾಜಕುಮಾರಿ ನಮ್ಮ ಸೀಮೆಗೆ ಟಿವಿಯಿಂದ ಬಂದವಳಲ್ಲ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ಹಿಡಿದು ಅಲ್ಲಿಂದ ಆಳತೊಡಗಿದರು, ದಸರಾ ಆಚರಣೆ ಮೊದಲಾದದ್ದೂ ಅಲ್ಲೇ. 1799ರವರೆಗೆ ಅದು ರಾಜಧಾನಿಯಾಗಿದ್ದ ಊರು. ನವರಾತ್ರಿಯಲ್ಲಿ ಬೊಂಬೆ ಕೂರಿಸುವ ಮನೆಗಳಲ್ಲಿ ಪಟ್ಟದ ಗೊಂಬೆಗಳದೇ ಮೊದಲ ಸ್ಥಾನ. ಮರದಲ್ಲಿ ಕೆತ್ತಿದ ರಾಜ, ರಾಣಿ; ಮದುವೆಯಲ್ಲಿ ತವರಿನವರು ಮಗಳಿಗೆ ಕೊಟ್ಟು ಕಳಿಸುವ ಜೋಡಿ. ಹುಡುಗಿ ತಾನೇ ಕೂತು ರಾಣಿಗೆ ಜರಿಯ ಸೀರೆ ಉಡಿಸುತ್ತಾಳೆ, ಮಣಿಸರ ಹಾಕುತ್ತಾಳೆ. ಬೊಂಬೆ ಕೂರಿಸದ ಮನೆಯ ಮಕ್ಕಳೂ ಚೀಟಿ ಮಡಿಸಿ ರಾಜ-ರಾಣಿ-ಕಳ್ಳ-ಪೊಲೀಸ್ ಆಡುತ್ತಾರೆ. ಅದರಲ್ಲಿ ರಾಣಿಯ ಚೀಟಿ ಬಂದರೆ ಖುಷಿ, ಆದರೆ ಅಂಕ ಮಾತ್ರ ರಾಜನಿಗಿಂತ ಕಡಿಮೆ.

ಇನ್ನು ಮೊಗ್ಗಿನ ಜಡೆ. ಗೌನು ನೋಡಿ ಮೂಗು ಮುರಿಯುವ ಹಿರಿಯರು ಇದನ್ನು ಮರೆಯುತ್ತಾರೆ. ಬೇಸಿಗೆಯಲ್ಲಿ ಮಲ್ಲಿಗೆ ಮೊಗ್ಗು ಸೇರುಗಟ್ಟಲೆ ಬಂದಾಗ ಹುಡುಗಿಯನ್ನು ಮಧ್ಯಾಹ್ನವೇ ಮಣೆಯ ಮೇಲೆ ಕೂರಿಸುತ್ತಿದ್ದರು. ಬಿಗಿಯಾಗಿ ಜಡೆ ಹೆಣೆದು, ಚೌರಿ ಸೇರಿಸಿ ಉದ್ದ ಮಾಡಿ, ಮೊಗ್ಗುಗಳನ್ನು ಸಾಲಾಗಿ ಹೊಲಿದು, ನಡುನಡುವೆ ಕನಕಾಂಬರದ ಗೆರೆ ಎಳೆದು, ತುದಿಗೆ ಕುಚ್ಚು ಕಟ್ಟಿ, ನೆತ್ತಿಗೆ ಸೂರ್ಯ ಚಂದ್ರರ ಬಿಲ್ಲೆ ಇಟ್ಟು, ಸೊಂಟಕ್ಕೆ ಡಾಬು ಹಾಕಿ ಮುಗಿಸುವಷ್ಟರಲ್ಲಿ ಸಂಜೆಯಾಗುತ್ತಿತ್ತು. ಅಷ್ಟು ಹೊತ್ತೂ ಕತ್ತು ಬಗ್ಗಿಸಿ ಕೂತಿರಬೇಕು. ಆಮೇಲೆ ಸ್ಟುಡಿಯೋ, ಹಿಂದೆ ನಿಲುವುಗನ್ನಡಿ, ಮುಖ ಈ ಕಡೆ, ಜಡೆ ಕನ್ನಡಿಯಲ್ಲಿ. ಈಗಲೂ ಎಷ್ಟೋ ಮನೆಗಳ ಗೋಡೆಯ ಮೇಲೆ ಆ ಕಪ್ಪು ಬಿಳುಪು ಪಟ ಇದೆ. ಅದರಲ್ಲಿರುವ ಹುಡುಗಿ ನಗುವುದು ಕಡಿಮೆ. ತಲೆಭಾರ, ಕತ್ತುನೋವು, ಆಡಲು ಹೋದರೆ ಜಡೆ ಕೆಟ್ಟೀತೆಂಬ ಗದರಿಕೆ. ಮಗಳನ್ನು ಸಿಂಗರಿಸಿ ಅಲುಗಾಡದಂತೆ ಕೂರಿಸುವುದು ವಿದೇಶಿ ಕಂಪನಿಯಿಂದ ಕಲಿತ ವಿದ್ಯೆಯಲ್ಲ. ಅದರಲ್ಲೊಂದು ಸೊಗಸೂ ಇತ್ತು ಎಂಬುದನ್ನೂ ಹೇಳಬೇಕು: ಅಮ್ಮ, ಅಜ್ಜಿ, ಪಕ್ಕದ ಮನೆಯ ಅತ್ತೆ ಎಲ್ಲ ಸೇರಿ ಒಂದು ಮಗುವಿನ ತಲೆಯ ಸುತ್ತ ಅರ್ಧ ದಿನ ಕಳೆಯುತ್ತಿದ್ದರು. ದುಡ್ಡು ಕೊಟ್ಟು ತರುವ ಗೌನಿನಲ್ಲಿ ಆ ಕೈಗಳ ಸ್ಪರ್ಶವಿಲ್ಲ.

ಸಿಂಗಾರದ ಮಾತು ಹೀಗಾದರೆ ಕತೆಗಳ ಮಾತು ಬೇರೆ. ಈ ಸೀಮೆಯ ರಾಣಿಯರ, ರಾಜಕುಮಾರಿಯರ ಕತೆಗಳಲ್ಲಿ ಯಾರೂ ಸುಮ್ಮನೆ ಅಲಂಕರಿಸಿಕೊಂಡು ಕೂತವರಿಲ್ಲ. ಮೇಲುಕೋಟೆಯ ಬೀಬಿ ನಾಚ್ಚಿಯಾರಳನ್ನೇ ನೋಡಿ. ಸಂಪ್ರದಾಯದ ಪ್ರಕಾರ ಆಕೆ ದೆಹಲಿ ಸುಲ್ತಾನನ ಮಗಳು. ಚೆಲುವನಾರಾಯಣನ ಉತ್ಸವಮೂರ್ತಿ ಆಕೆಯ ಅರಮನೆಯಲ್ಲಿ ಆಟದ ಬೊಂಬೆಯಾಗಿತ್ತು. ರಾಮಾನುಜರು ಅದನ್ನು ಕೇಳಿ ತಂದಾಗ, ಬೊಂಬೆಯನ್ನು ಬಿಟ್ಟಿರಲಾರದೆ ಆ ಹುಡುಗಿ ಅಷ್ಟು ದೂರದಿಂದ ಹಿಂಬಾಲಿಸಿ ಬಂದು ಮೇಲುಕೋಟೆಯಲ್ಲೇ ದೇವರಲ್ಲಿ ಸೇರಿಹೋದಳು. ದೇವರ ಪಾದದ ಬಳಿ ಇಂದಿಗೂ ಆಕೆಗೆ ಜಾಗವಿದೆ. ವೈರಮುಡಿ ಉತ್ಸವದಲ್ಲಿ ದೇವರ ಕಿರೀಟ ನೋಡಲು ಮಕ್ಕಳನ್ನು ಹೆಗಲ ಮೇಲೆ ಹೊತ್ತು ಹೋಗುವ ನಾವು, ಬೊಂಬೆಗಾಗಿ ಧರ್ಮವನ್ನೂ ದೇಶವನ್ನೂ ದಾಟಿ ಬಂದ ಈ ರಾಜಕುಮಾರಿಯ ಕತೆಯನ್ನು ಮಗಳಿಗೆ ಹೇಳುವುದು ಕಡಿಮೆ. ಹೇಳಬೇಕಾದ ಕತೆ ಅದು.

ಅಲಮೇಲಮ್ಮನ ಕತೆ ಇನ್ನೂ ಹತ್ತಿರದ್ದು. ವಿಜಯನಗರದ ಪ್ರತಿನಿಧಿಯಾಗಿ ಶ್ರೀರಂಗಪಟ್ಟಣದಲ್ಲಿದ್ದವನ ಹೆಂಡತಿ ಆಕೆ. ರಾಜ್ಯ ಕೈಬಿಟ್ಟ ಮೇಲೆ ಅವಳ ಒಡವೆಗಾಗಿ ಒಡೆಯರ ಆಳುಗಳು ಬೆನ್ನಟ್ಟಿದರು. ದೊಡ್ಡ ಮುತ್ತಿನ ಮೂಗುತಿಯೊಂದನ್ನು ಕೊಟ್ಟು, ಉಳಿದದ್ದನ್ನು ಕಟ್ಟಿಕೊಂಡು ಕಾವೇರಿಯ ಮಡುವಿಗೆ ಹಾರಿದಳು, ಹಾರುವ ಮುನ್ನ ಶಾಪ ಕೊಟ್ಟಳು ಎಂದು ಜನ ಹೇಳುತ್ತಾರೆ. ಆ ಮೂಗುತಿ ಶ್ರೀರಂಗಪಟ್ಟಣದ ರಂಗನಾಯಕಿ ಅಮ್ಮನವರದು ಎಂಬ ನಂಬಿಕೆ ಇದೆ. ಆಳುವವರಿಗೇ ಹೆದರಿಕೆ ಹುಟ್ಟಿಸಿದ ಹೆಣ್ಣನ್ನು ಈ ಸೀಮೆ ನಾಲ್ಕು ನೂರು ವರ್ಷಗಳಿಂದ ಮರೆತಿಲ್ಲ.

ಸಿಂಡ್ರೆಲಾ ಕೂಡ ನಮಗೆ ಹೊಸಬಳಲ್ಲ. ಮೈಸೂರಿನಲ್ಲಿ ಹುಟ್ಟಿ ಬೆಳೆದ ಎ.ಕೆ. ರಾಮಾನುಜನ್ ಕನ್ನಡದ ಜನಪದ ಕತೆಯೊಂದನ್ನು ಸಂಗ್ರಹಿಸಿ, ಅದನ್ನು ‘ಕನ್ನಡದ ಸಿಂಡ್ರೆಲಾ’ ಎಂದು ಹೊರಜಗತ್ತಿಗೆ ತೋರಿಸಿದರು. ಅದರ ನಾಯಕಿ ಹಂಚಿ. ಬಂಗಾರದ ಕೂದಲಿನ ಹುಡುಗಿ. ಆ ಕೂದಲು ಕಂಡು ಒಡಹುಟ್ಟಿದ ಅಣ್ಣನೇ ಮೋಹಿಸಿದಾಗ ತಾಯಿ ಮಗಳ ಮುಖಕ್ಕೆ ಮಣ್ಣಿನ ಮುಖವಾಡ ಮಾಡಿಸಿ ಹಾಕಿ ಮನೆಯಿಂದ ದೂರ ಕಳಿಸುತ್ತಾಳೆ. ಹುಡುಗಿ ಸಾಹುಕಾರರ ಮನೆಯಲ್ಲಿ ಅಡುಗೆ ಕೆಲಸಕ್ಕೆ ಸೇರುತ್ತಾಳೆ. ಕೊನೆಗೆ ಆ ಮನೆಯ ಮಗನನ್ನು ಮದುವೆಯಾಗುತ್ತಾಳೆ ಎಂಬುದು ನಿಜ, ಮದುವೆಯಲ್ಲೇ ಎಲ್ಲ ಮುಗಿಯುವುದಿಲ್ಲ ಎಂಬುದೂ ನಿಜ. ಆಮೇಲೂ ಒಬ್ಬ ಕಪಟಿಯ ಕಾಟವನ್ನು ದಾಟಬೇಕಾಗುತ್ತದೆ. ಡಿಸ್ನಿಯ ಸಿಂಡ್ರೆಲಾಗೆ ಚೆಲುವು ಬಾಗಿಲು ತೆರೆಸುತ್ತದೆ. ಹಂಚಿಗೆ ಚೆಲುವೇ ಅಪಾಯ, ಅದೂ ಮನೆಯೊಳಗಿನ ಅಪಾಯ. ಕತೆ ಕಟ್ಟಿದ ಹೆಂಗಸರಿಗೆ ಹೆಣ್ಣುಮಗುವಿನ ಕಷ್ಟ ಎಲ್ಲಿಂದ ಬರುತ್ತದೆ ಎಂಬುದು ಸರಿಯಾಗಿ ಗೊತ್ತಿತ್ತು.

ನಿಜವಾದ ಅರಮನೆಯ ಹೆಂಗಸರ ಬದುಕೂ ಹಾಗೇ. ಹೈದರ್, ಟಿಪ್ಪು ಆಳುತ್ತಿದ್ದಾಗ ಶ್ರೀರಂಗಪಟ್ಟಣದಲ್ಲೇ ಕಾವಲಿನಲ್ಲಿದ್ದುಕೊಂಡು ಇಂಗ್ಲಿಷರೊಡನೆ ಗುಟ್ಟಾಗಿ ಪತ್ರವ್ಯವಹಾರ ನಡೆಸಿದವರು ರಾಣಿ ಲಕ್ಷ್ಮಮ್ಮಣ್ಣಿ. ಅವರ ರಾಜಕೀಯ ಸರಿಯೇ ತಪ್ಪೇ ಎಂಬ ಚರ್ಚೆ ಬೇರೆ, ಛಲವನ್ನಂತೂ ಯಾರೂ ಅಲ್ಲಗಳೆಯಲಾರರು. ಗಂಡ ತೀರಿಕೊಂಡ ಮೇಲೆ 1895ರಿಂದ 1902ರವರೆಗೆ ಸಂಸ್ಥಾನವನ್ನು ನಡೆಸಿದವರು ವಾಣಿವಿಲಾಸ ಸನ್ನಿಧಾನದ ಕೆಂಪನಂಜಮ್ಮಣ್ಣಿ. ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿದದ್ದು ಅವರ ಆಡಳಿತದಲ್ಲಿ. ಅವರ ಕಾಲದ ಸಾಮಾನ್ಯ ಹೆಣ್ಣುಮಕ್ಕಳ ಸ್ಥಿತಿ ಹೇಗಿತ್ತೆಂದರೆ, ಎಂಟು ವರ್ಷ ತುಂಬದ ಹುಡುಗಿಯ ಮದುವೆಯನ್ನು ತಡೆಯಲು ಮೈಸೂರು ಸಂಸ್ಥಾನ 1894ರಲ್ಲಿ ಕಾನೂನನ್ನೇ ತರಬೇಕಾಯಿತು. ಇವತ್ತು ಗೌನು ತೊಟ್ಟು ಕೇಕು ಕತ್ತರಿಸುವ ವಯಸ್ಸು ಅದು. ಅಂಥ ಕಾಲದಲ್ಲಿ, 1881ರಲ್ಲಿ, ಅಂಬಳೆ ನರಸಿಂಹ ಅಯ್ಯಂಗಾರ್ ಮೈಸೂರಿನಲ್ಲಿ ಶುರುಮಾಡಿದ ಹೆಣ್ಣುಮಕ್ಕಳ ಶಾಲೆ ‘ಮಹಾರಾಣಿ’ ಹೆಸರಿನಲ್ಲೇ ಬೆಳೆದು ಕಾಲೇಜಾಯಿತು. ಮಂಡ್ಯ ಸೀಮೆಯ ಎಷ್ಟು ಹುಡುಗಿಯರು ಬಸ್ಸಿಳಿದು ಆ ಕಾಲೇಜಿನಲ್ಲಿ ಡಿಗ್ರಿ ಮಾಡಿದ್ದಾರೋ ಲೆಕ್ಕವಿಲ್ಲ. ನಮ್ಮ ಕಡೆ ರಾಣಿಯ ಹೆಸರಿಗೆ ಇರುವ ಅತ್ಯಂತ ಬೆಲೆಬಾಳುವ ಅರ್ಥ ನನ್ನ ಪಾಲಿಗೆ ಅದೇ.

ಈಗ ಈ ಬರಹದ ಕಷ್ಟದ ಭಾಗ. ಮಗಳನ್ನು ರಾಜಕುಮಾರಿ ಎಂದು ಮೆರೆಸುವುದನ್ನು ದುಂದುವೆಚ್ಚ, ಪರದೇಶದ ಗೀಳು ಎಂದು ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ. 2023ರ ಕೊನೆಯಲ್ಲಿ ಬೆಂಗಳೂರಿನ ಬೈಯಪ್ಪನಹಳ್ಳಿ ಪೊಲೀಸರು ಹೆಣ್ಣು ಭ್ರೂಣಹತ್ಯೆಯ ಜಾಲವೊಂದನ್ನು ಬಯಲಿಗೆಳೆದಾಗ ಅದರ ಬೇರು ಸಿಕ್ಕಿದ್ದು ಮಂಡ್ಯ ಜಿಲ್ಲೆಯಲ್ಲಿ. ಬೆಲ್ಲ ಕಾಯಿಸುವ ಆಲೆಮನೆಯಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟು ಹೊಟ್ಟೆಯಲ್ಲಿರುವುದು ಗಂಡೋ ಹೆಣ್ಣೋ ಎಂದು ಹೇಳುತ್ತಿದ್ದರು. ಸುದ್ದಿಯ ಬಿಸಿ ಆರುವ ಮುನ್ನವೇ, 2024ರ ಮೇ ತಿಂಗಳಲ್ಲಿ, ಪಾಂಡವಪುರದ ಆರೋಗ್ಯ ಇಲಾಖೆಯ ವಸತಿಗೃಹದಲ್ಲೇ ಅಂಥ ಗರ್ಭಪಾತ ನಡೆದ ಪ್ರಕರಣ ಹೊರಬಿತ್ತು. ಲಿಂಗಪತ್ತೆಯನ್ನು ನಿಷೇಧಿಸುವ ಕಾಯ್ದೆ 1994ರಿಂದ ಇದೆ. ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ ಕರ್ನಾಟಕದಲ್ಲಿ 1991ರ ಗಣತಿಯಲ್ಲಿ 960 ಹೆಣ್ಣುಮಕ್ಕಳಿದ್ದರು, 2011ರಲ್ಲಿ 948. ಕಬ್ಬು, ಭತ್ತ, ನಾಲೆ ನೀರು ಎಲ್ಲ ಇರುವ ಸೀಮೆಯಲ್ಲಿ ಹೆಣ್ಣುಕೂಸು ಬೇಡವಾಗುವುದು ಬಡತನದಿಂದಲ್ಲ. ಜಮೀನು ಒಡೆದೀತೆಂಬ ಭಯ, ಮದುವೆಯ ಖರ್ಚಿನ ಭಯ, ಗಂಡು ಬೇಕೆಂಬ ಹಟ.

ಇದೇ ಊರುಗಳಲ್ಲಿ ಎರಡನೆಯದೂ ಹೆಣ್ಣಾಯಿತೆಂದು ಯಾರೋ ಬಾಯಿ ಚಪ್ಪರಿಸಿದಾಗ, ‘ಆದ್ರೇನು, ನನ್ ಮನೆ ಮಹಾಲಕ್ಷ್ಮಿ’ ಎಂದು ಹೇಳಿ ಫ್ಲೆಕ್ಸ್ ಕಟ್ಟಿಸುವ ಅಪ್ಪ ಬರೀ ದುಂದುಗಾರನಲ್ಲ. ಅವನು ಊರಿಗೆ ಉತ್ತರ ಕೊಡುತ್ತಿದ್ದಾನೆ. ಹಿರಿಯರ ಎದುರು ಮಗಳನ್ನು ಎತ್ತಿಕೊಳ್ಳಲು ನಾಚುತ್ತಿದ್ದ ಗಂಡಸರ ಮಕ್ಕಳು ಈಗ ಬೈಕಿನ ಟ್ಯಾಂಕಿನ ಮೇಲೆ ಮಗಳನ್ನು ಕೂರಿಸಿಕೊಂಡು, ಅವಳ ಕಿರೀಟ ಗಾಳಿಗೆ ಹಾರದಂತೆ ಒಂದು ಕೈಯಲ್ಲಿ ಹಿಡಿದು ಹೋಗುತ್ತಾರೆ. ಇದು ಈ ಸೀಮೆಯಲ್ಲಿ ಆದ ದೊಡ್ಡ ಬದಲಾವಣೆ. ಪಟ್ಟಣದಲ್ಲಿ ಕೂತು ಗುಲಾಬಿ ಬಣ್ಣವನ್ನು ಹಳಿಯುವವರಿಗೆ ಇದರ ಬೆಲೆ ಗೊತ್ತಾಗುವುದಿಲ್ಲ.

ಹಾಗಾದರೆ ತಾಯಂದಿರ ಕಳವಳಕ್ಕೆ ಕಾರಣವಿಲ್ಲವೇ? ಇದೆ. ಅಮೆರಿಕದ ಬ್ರಿಗ್‌ಹ್ಯಾಮ್ ಯಂಗ್ ವಿಶ್ವವಿದ್ಯಾಲಯದ ಸಾರಾ ಕೊಯ್ನ್ ಮತ್ತು ಜೊತೆಗಾರರು 2016ರಲ್ಲಿ 198 ಪುಟ್ಟ ಮಕ್ಕಳ ಅಧ್ಯಯನ ಪ್ರಕಟಿಸಿದರು. ರಾಜಕುಮಾರಿಯರ ಚಿತ್ರ, ಬೊಂಬೆಗಳಲ್ಲಿ ಹೆಚ್ಚು ಮುಳುಗಿದ ಮಕ್ಕಳು ಒಂದು ವರ್ಷದ ನಂತರ ‘ಹುಡುಗಿ ಎಂದರೆ ಹೀಗೇ ಇರಬೇಕು’ ಎಂಬ ಕಟ್ಟಿಗೆ ಹೆಚ್ಚು ಒಗ್ಗಿಕೊಂಡಿದ್ದರು. ಮೈಯಂದದ ಬಗ್ಗೆ ಅವರಿಗೆ ಧೈರ್ಯ ಹೆಚ್ಚಿದ್ದೇನೂ ಕಾಣಲಿಲ್ಲ. ತಾಯಂದಿರ ಭಯವೇ ನಿಜವಾಯಿತು ಎಂದುಕೊಳ್ಳುವಾಗ 2021ರಲ್ಲಿ ಅದೇ ತಂಡ ಮಕ್ಕಳು ಹತ್ತು ಹನ್ನೊಂದಾದ ಮೇಲಿನ ಸ್ಥಿತಿ ನೋಡಿ ಇನ್ನೊಂದು ಅಧ್ಯಯನ ತಂದಿತು. ಫಲ ಬೇರೆಯಾಗಿತ್ತು. ಸಣ್ಣವರಿದ್ದಾಗ ರಾಜಕುಮಾರಿಯಾಟ ಹೆಚ್ಚು ಆಡಿದವರು ಬೆಳೆದಮೇಲೆ ಹೆಣ್ಣು ಗಂಡಿನ ಬಗ್ಗೆ ಹೆಚ್ಚು ಉದಾರವಾಗಿ ಯೋಚಿಸುತ್ತಿದ್ದರು, ತಮ್ಮ ಮೈಯ ಬಗ್ಗೆಯೂ ಸಮಾಧಾನದಿಂದಿದ್ದರು. ಅಮೆರಿಕದ ಮಕ್ಕಳ ಫಲವನ್ನು ನಮ್ಮ ಮಕ್ಕಳ ಮೇಲೆ ಹಾಗೇ ಹೊರಿಸಬಾರದು. ಆದರೂ ಒಂದು ಮಾತು ಸ್ಪಷ್ಟ: ಮೂರು ನಾಲ್ಕನೇ ವಯಸ್ಸಿನ ಗೌನಿನ ಹುಚ್ಚು ಮಗುವಿನ ಬಾಳನ್ನು ತೀರ್ಮಾನ ಮಾಡುವುದಿಲ್ಲ. ಆಮೇಲೆ ಮನೆಯವರು ಏನು ಮಾಡುತ್ತಾರೆ ಎಂಬುದು ತೀರ್ಮಾನ ಮಾಡುತ್ತದೆ.

ಬಣ್ಣದ ವಿಷಯದಲ್ಲಿ ಮಾತ್ರ ನಾನು ಗಟ್ಟಿಯಾಗಿ ತಾಯಂದಿರ ಕಳವಳದ ಪರ. ಕೆನ್ನೆಗೆ ಪೌಡರು ಮೆತ್ತಿ, ಫೋಟೊದಲ್ಲಿ ಮೈಬಣ್ಣ ತೆಳುಮಾಡಿಸಿ ಫ್ಲೆಕ್ಸ್ ಹಾಕಿಸಿದರೆ, ಅದರ ಕೆಳಗೆ ನಿಂತ ಐದು ವರ್ಷದ ಮಗು ತನ್ನ ಪಟ ತಾನಲ್ಲ ಎಂದು ತಿಳಿಯುತ್ತದೆ. 1975ರಿಂದ ಮಾರುತ್ತಿದ್ದ ‘ಫೇರ್ ಅಂಡ್ ಲವ್ಲಿ’ 2020ರಲ್ಲಿ ಹೆಸರು ಬದಲಿಸಿಕೊಂಡಿತು, ಮನೆಯವರ ಮಾತು ಬದಲಾಗಲಿಲ್ಲ. ‘ಬಿಸಿಲಿಗೆ ಹೋಗ್ಬೇಡ, ಕಪ್ಪಾಗ್ತೀಯ’ ಎನ್ನುವುದನ್ನು ಗದ್ದೆ ಬಯಲಿನ ಊರಿನಲ್ಲಿ ಹುಡುಗಿಗೆ ಹೇಳಿದರೆ ಅವಳು ಎಲ್ಲಿ ಆಡಬೇಕು? ಹುಡುಗ ನಾಲೆಯಲ್ಲಿ ಈಜು ಕಲಿಯುತ್ತಾನೆ, ಹುಡುಗಿ ಫ್ರಾಕು ಒದ್ದೆಯಾಗದಂತೆ ದಂಡೆಯಲ್ಲಿ ನಿಲ್ಲುತ್ತಾಳೆ. ಶಾಲೆಯ ಛದ್ಮವೇಷದಲ್ಲಿ ಕಿತ್ತೂರು ಚೆನ್ನಮ್ಮನ ಕತ್ತಿ, ಓಬವ್ವನ ಒನಕೆ ಹಿಡಿಸಿ ಚಪ್ಪಾಳೆ ತಟ್ಟುವ ನಾವು, ಮನೆಗೆ ಬಂದಮೇಲೆ ಅವಳು ಜೋರಾಗಿ ಕೂಗಿದರೆ ‘ಗಂಡುಬೀರಿ’ ಎನ್ನುತ್ತೇವೆ. ಇಲ್ಲಿ ತಪ್ಪು ಉಡುಪಿನದಲ್ಲ.

ನಿಜವಾದ ತಿರುವು ಬರುವುದು ಹನ್ನೆರಡು ಹದಿಮೂರರಲ್ಲಿ. ಮಗಳು ದೊಡ್ಡವಳಾದಳೆಂದು ಸೋದರಮಾವ ಹಸಿಗರಿಯ ಗುಡ್ಲು ಹಾಕುತ್ತಾನೆ, ಆರತಿ ಎತ್ತುತ್ತಾರೆ, ಈಗ ಅದಕ್ಕೂ ಛತ್ರ, ಫೋಟೊ. ಅವಳ ಕೊನೆಯ ರಾಣಿತನ ಅದು. ಸೀರೆ ಉಡಿಸಿ ಕುರ್ಚಿಯ ಮೇಲೆ ಕೂರಿಸಿದ ಮಾರನೆಯ ದಿನದಿಂದ ಕಟ್ಟುಪಾಡು ಶುರು. ಸಂಜೆಯ ಆಟ ನಿಲ್ಲುತ್ತದೆ, ಫೋನು ಕಸಿಯುತ್ತಾರೆ, ಕಾಲೇಜು ದೂರವಾಯಿತೆನ್ನುತ್ತಾರೆ. ಆರನೇ ವರ್ಷದಲ್ಲಿ ಕೇಳಿದ್ದೆಲ್ಲ ಕೊಡಿಸಿದ ಅಪ್ಪನೇ ಹದಿನಾರರಲ್ಲಿ ಅವಳು ಕೇಳದಿದ್ದದ್ದನ್ನೂ ತೀರ್ಮಾನಿಸುತ್ತಾನೆ. 2006-07ರಲ್ಲಿ ರಾಜ್ಯ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರುಮಾಡಿದಾಗ ಗುಂಪುಗಟ್ಟಿ ನಾಲೆ ಏರಿಯ ಮೇಲೆ ಸೈಕಲ್ ತುಳಿದುಕೊಂಡು ಹೋಗುತ್ತಿದ್ದ ಹುಡುಗಿಯರ ಮುಖದಲ್ಲಿದ್ದ ಗತ್ತನ್ನು ಯಾವ ಗೌನೂ ಕೊಡಲಾರದು. ಯಾರ ಒಪ್ಪಿಗೆಗೂ ಕಾಯದೆ ಒಂದು ಊರಿಂದ ಇನ್ನೊಂದೂರಿಗೆ ಹೋಗುವ ಗತ್ತು ಅದು.

ಇನ್ನು ಎಲ್ಲರೂ ಮಾತು ತಪ್ಪಿಸುವ ವಿಷಯ, ಆಸ್ತಿ. ‘ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ’ ಎಂಬ ಗಾದೆ ನಮ್ಮದೇ. ಮಗಳ ಮದುವೆಗೆ ಸಾಲ ಮಾಡಿ ಒಡವೆ ಹಾಕುತ್ತಾರೆ, ಗೌರಿಹಬ್ಬಕ್ಕೆ ಬಾಗಿನ ಕಳಿಸುತ್ತಾರೆ, ಅಪ್ಪ ತೀರಿಕೊಂಡ ಮೇಲೆ ಪೌತಿ ಖಾತೆ ಮಾಡಿಸುವಾಗ ಅವಳನ್ನು ಕರೆಸಿ ಹಕ್ಕು ಬಿಟ್ಟ ಪತ್ರಕ್ಕೆ ಸಹಿ ಹಾಕಿಸುತ್ತಾರೆ. ಅಣ್ಣತಮ್ಮಂದಿರ ಮನೆ ಬಾಗಿಲು ಮುಚ್ಚಿಹೋದೀತೆಂಬ ಅಂಜಿಕೆಯಿಂದ ಅವಳು ಹಾಕುತ್ತಾಳೆ. ತಾಲ್ಲೂಕು ಕಚೇರಿಯ ಮುಂದೆ, ಸಬ್‌ರಿಜಿಸ್ಟ್ರಾರ್ ಕಚೇರಿಯ ಮೆಟ್ಟಿಲ ಮೇಲೆ ಸೆರಗು ಹೊದ್ದು ಕಾಯುತ್ತಾ ಕೂತ ಅಕ್ಕತಂಗಿಯರನ್ನು ನೋಡಿದ್ದೀರಿ. ಅವರೂ ಯಾರದೋ ಮನೆಯ ಮುದ್ದಿನ ಮಗಳೇ. ಮೊಗ್ಗಿನ ಜಡೆಯ ಪಟ ತವರಿನ ಗೋಡೆಯ ಮೇಲಿದೆ, ಗೋಡೆಯಲ್ಲಿ ಪಾಲು ಇಲ್ಲ.

ಮಗಳನ್ನು ಬೆಳೆಸುವ ತಂದೆತಾಯಿಗೆ ನಾನು ಹೇಳುವುದು ಇಷ್ಟು. ಗೌನು ಬೇಕೆಂದು ಹಟ ಮಾಡಿದರೆ ಕೈಗೆಟಕುವುದನ್ನು ಕೊಡಿಸಿ, ಸಂಘದಲ್ಲಿ ಸಾಲ ಎತ್ತಿ ಬೇಡ. ತೊಟ್ಟುಕೊಂಡು ಮಣ್ಣಲ್ಲಿ ಆಡಲಿ, ಹರಿದರೆ ಹರಿಯಲಿ. ಪಟದಲ್ಲಿ ಅವಳ ಬಣ್ಣ ಅವಳದೇ ಇರಲಿ. ಬೀಬಿ ನಾಚ್ಚಿಯಾರಳ ಕತೆಯನ್ನೂ ಹಂಚಿಯ ಕತೆಯನ್ನೂ ಎಲ್ಸಾಳ ಪಕ್ಕದಲ್ಲೇ ಹೇಳಿ. ಹದಿಮೂರು ತುಂಬಿದ ಮೇಲೂ ಸೈಕಲ್ ಅವಳ ಕೈಯಲ್ಲಿರಲಿ. ಪಾಲಿನ ಮಾತು ಬಂದಾಗ ಅವಳನ್ನು ಸಹಿಗೆ ಮಾತ್ರ ಕರೆಯಬೇಡಿ. ಮಗನಿಗಿರುವಂತೆ ಮಗಳಿಗೂ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಕೊಡುವ, ಹಿಂದೂ ಉತ್ತರಾಧಿಕಾರ ಕಾಯ್ದೆಯ ತಿದ್ದುಪಡಿ ಕರ್ನಾಟಕದಲ್ಲಿ 1994ರ ಜುಲೈನಲ್ಲೇ, ದೇಶಕ್ಕಿಂತ ಹನ್ನೊಂದು ವರ್ಷ ಮುಂಚೆ, ಜಾರಿಗೆ ಬಂತು. ಆಗ ಮದುವೆಯಾಗಿದ್ದ ಹೆಣ್ಣುಮಕ್ಕಳು ಅದರಿಂದ ಹೊರಗುಳಿದಿದ್ದರು. 2005ರ ಕೇಂದ್ರದ ತಿದ್ದುಪಡಿ ಅವರನ್ನೂ ಒಳಗೆ ತಂದಿತು. ಆ ಹಕ್ಕು ಹುಟ್ಟಿನಿಂದಲೇ ಬರುವಂಥದ್ದು, ಅಪ್ಪ ಆಗ ಬದುಕಿದ್ದನೋ ಇಲ್ಲವೋ ಎಂಬುದು ಮುಖ್ಯವಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ತೀರ್ಪು ಕೊಟ್ಟಿದೆ.